ಮಂಗಳೂರಿನ ಫ್ಲಾಟಿಗೆ ಶಿಯರ್ ವಾಲ್ ಸಾಕಾ, ಬೇಸ್ ಐಸೊಲೇಶನ್ ಬೇಕಾ?

ಭೂಕಂಪ ತಾಳುವ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 1893:2016ರ ನಕ್ಷೆಯಲ್ಲಿ ಮಂಗಳೂರು, ಉಡುಪಿ 3ನೇ ಭೂಕಂಪ ವಲಯದಲ್ಲಿವೆ. ಮಧ್ಯಮ ಅಪಾಯ, ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಬೇಸ್ ಐಸೊಲೇಶನ್‌ನಲ್ಲಿ ಕಟ್ಟಡ ರಬ್ಬರ್ ಬೇರಿಂಗ್ ಮೇಲೆ ಕೂರುತ್ತದೆ. ನೆಲ ಜೋರಾಗಿ ಅಲುಗಿದರೂ ಮೇಲಿನ ಮಹಡಿಗಳು ನಿಧಾನಕ್ಕೆ ತೂಗುತ್ತವೆ, ಒಳಗಿನ ಸಾಮಾನೂ ಉಳಿಯುತ್ತದೆ. 2001ರ ಭೂಕಂಪದ ನಂತರ ಭುಜ್‌ನ ಆಸ್ಪತ್ರೆಯನ್ನು ಹೀಗೇ ಕಟ್ಟಿದರು. ಆಸ್ಪತ್ರೆಗೆ ಸರಿ, ಫ್ಲಾಟಿಗೆ ಖರ್ಚು ಜಾಸ್ತಿ. ನದಿ ಬದಿಯ ಮೆತ್ತನೆ ಮಣ್ಣಿಗಂತೂ ಅಷ್ಟು ಒಗ್ಗದು.

ಶಿಯರ್ ವಾಲ್ ಅಂದರೆ ಕಟ್ಟಡದುದ್ದಕ್ಕೂ ಮೇಲೇರುವ ಗಟ್ಟಿ ಕಾಂಕ್ರೀಟ್ ಗೋಡೆ. ಅದಿದ್ದರೆ ಓಲಾಟ ಕಡಿಮೆ. ಬಿರುಕು ಬಿಡಬಹುದು, ಆದರೆ ಕಟ್ಟಡ ನಿಲ್ಲುವ ಸಾಧ್ಯತೆ ಹೆಚ್ಚು. ಕದ್ರಿಯಲ್ಲೋ ಮಣಿಪಾಲದಲ್ಲೋ ಫ್ಲಾಟ್ ನೋಡುವವರಿಗೆ ನನ್ನ ಓಟು ಇದಕ್ಕೇ. ಆದರೆ ಆ ಗೋಡೆ ಪಾರ್ಕಿಂಗ್ ದಾಟಿ ಅಡಿಪಾಯದವರೆಗೂ ಇಳಿದಿರಬೇಕು. ಕೆಳಗೆ ಬರೀ ಕಂಬಗಳಿದ್ದ ಎಷ್ಟೋ ಕಟ್ಟಡಗಳು 2001ರಲ್ಲಿ ಅಹಮದಾಬಾದಿನಲ್ಲಿ ಕುಸಿದವು. ಕಂಬದೊಳಗಿನ ಸರಳುಗಳನ್ನು ಸುತ್ತಿ ಹಿಡಿಯುವ ಉಕ್ಕಿನ ರಿಂಗಿನ ಕೊಕ್ಕೆ 135 ಡಿಗ್ರಿ ಒಳಕ್ಕೆ ಬಾಗಿದೆಯಾ? 90ಕ್ಕೇ ನಿಲ್ಲಿಸಿದ್ದರೆ ಭೂಕಂಪದಲ್ಲಿ ಬಿಚ್ಚಿಕೊಳ್ಳುತ್ತದೆ. ಕಾಂಕ್ರೀಟ್ ಹಾಕುವ ಮೊದಲಿನ ಫೋಟೋ ಕೇಳಿ.