ಬಾಡಿಗೆ ಸರ್ವರ್‌ನಲ್ಲಿ ಡಾಕರ್: ಮೂರು ವರ್ಷ ಸಾಕಿದ ಮೇಲೆ

ಮಾಟುಂಗಾದ ಕಿಂಗ್ಸ್ ಸರ್ಕಲ್ ಹತ್ತಿರ ನಮ್ಮ ಮಾವನ ಹೋಟೆಲ್ ಇದೆ. ಜೋರು ಮಳೆ ಬಂದರೆ ಅಲ್ಲಿ ಮೊಣಕಾಲುದ್ದ ನೀರು ನಿಲ್ಲುವುದು ಮುಂಬೈಯವರಿಗೆಲ್ಲ ಗೊತ್ತು. 2022ರ ಮಳೆಗಾಲದಲ್ಲಿ ಗಲ್ಲಾದ ಕೆಳಗಿದ್ದ ಕಂಪ್ಯೂಟರ್‌ಗೆ ನೀರು ನುಗ್ಗಿತು. ಬಿಲ್ಲು, ಹಾಲಿನ ಲೆಕ್ಕ, ಉದ್ದರಿ ಖಾತೆ ಎಲ್ಲವೂ ಅದರಲ್ಲೇ ಇತ್ತು. "ಎಂತ ಮಾರಾಯ, ನೀನು ಐಟಿಯವ ಅಲ್ವಾ, ಏನಾದ್ರೂ ಮಾಡು" ಎಂದರು ಮಾವ. ಡೊಂಬಿವಲಿಯ ಮನೆಯಲ್ಲಿ ಕೂತು ಒಂದು ಕ್ಲೌಡ್ ಸರ್ವರ್ ಬಾಡಿಗೆಗೆ ಹಿಡಿದೆ. 1 ಜಿಬಿ ರ್‍ಯಾಮ್, 25 ಜಿಬಿ ಡಿಸ್ಕ್, ಉಬುಂಟು 22.04 ಎಂಬ ಲಿನಕ್ಸ್. ಅದರ ಮೇಲೆ ಡಾಕರ್, ಅಂದರೆ ಪ್ರತಿ ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಸರಂಜಾಮಿನ ಜೊತೆ ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಸಾಫ್ಟ್‌ವೇರ್. ಅಂದಿನಿಂದ ಇಂದಿನವರೆಗೆ ಹೋಟೆಲಿನ ಲೆಕ್ಕ ಡಾಕರ್ ಮೇಲೆಯೇ ನಡೆಯುತ್ತಿದೆ.

ಹಾಕುವುದು ಹತ್ತು ನಿಮಿಷದ ಕೆಲಸ. ನಾನು ಮಾತ್ರ ಅರ್ಧ ದಿನ ತೆಗೆದುಕೊಂಡೆ. ಉಬುಂಟುವಿನದೇ ಪ್ಯಾಕೇಜ್ ಸಾಕು ಎಂದು ಸುಮ್ನೆ ಅದನ್ನೇ ಹಾಕಿದೆ. ಹಲವು ಕಂಟೇನರ್‌ಗಳನ್ನು ಒಂದೇ ಫೈಲ್‌ನಲ್ಲಿ ಬರೆದು ಒಟ್ಟಿಗೆ ನಡೆಸುವ ಹೊಸ ಕಂಪೋಸ್ ಪ್ಲಗಿನ್ ಅದರ ಜೊತೆ ಬರಲಿಲ್ಲ. ಕೊನೆಗೆ ಅದನ್ನು ತೆಗೆದು, ಡಾಕರ್‌ನವರ ಸ್ವಂತ ರೆಪಾಸಿಟರಿ (ಪ್ಯಾಕೇಜ್ ಭಂಡಾರ) ಸೇರಿಸಿ, ಡಾಕರ್‌ನ ಮುಖ್ಯ ಭಾಗವಾದ ಎಂಜಿನ್, ಅದರ ಕೆಳಗೆ ಕಂಟೇನರ್ ಓಡಿಸುವ ಕಂಟೇನರ್‌ಡಿ, ಕಂಪೋಸ್ ಮೂರನ್ನೂ ಒಟ್ಟಿಗೆ ಹಾಕಿದೆ. ಮೊದಲೇ ಹೀಗೆ ಮಾಡಿದ್ದರೆ ಮಧ್ಯಾಹ್ನದ ಊಟ ತಣ್ಣಗಾಗುತ್ತಿರಲಿಲ್ಲ. ಪ್ರತಿ ಸಲ ಕಮಾಂಡಿನ ಮೊದಲು ಸುಡೋ (ಪೂರ್ಣ ಅಧಿಕಾರ ಕೇಳುವ ಪದ) ಹೊಡೆಯುವ ಬೇಸರಕ್ಕೆ ನಿಮ್ಮ ಹೆಸರನ್ನು ಡಾಕರ್ ಗುಂಪಿಗೆ ಸೇರಿಸುತ್ತೀರಿ. ಸೇರಿಸಿ, ಆದರೆ ಆ ಗುಂಪಿನಲ್ಲಿದ್ದವನ ಕೈಯಲ್ಲಿ ರೂಟ್‌ನ, ಅಂದರೆ ಸರ್ವರ್‌ನ ಪೂರ್ಣ ಅಧಿಕಾರದ ಖಾತೆಯ ಬೀಗದಕೈ ಇದ್ದ ಹಾಗೆಯೇ ಎಂಬುದು ನೆನಪಿರಲಿ.

ನನ್ನನ್ನು ನಿಜವಾಗಿ ಬೆವರಿಳಿಸಿದ್ದು ಫೈರ್‌ವಾಲ್. ಉಬುಂಟುವಿನ ಫೈರ್‌ವಾಲ್ ಆದ ಯುಎಫ್‌ಡಬ್ಲ್ಯೂನಲ್ಲಿ 22, 80, 443 ಈ ಮೂರು ಪೋರ್ಟ್ (ಸರ್ವರ್‌ನ ಬಾಗಿಲು) ಮಾತ್ರ ಬಿಟ್ಟು ನೆಮ್ಮದಿಯಾಗಿದ್ದೆ. ಎರಡು ವಾರದ ಮೇಲೆ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನ ಲಾಗ್ (ನಡೆದದ್ದನ್ನೆಲ್ಲ ಬರೆದಿಡುವ ಫೈಲ್) ನೋಡುತ್ತೇನೆ, ಪಾಸ್‌ವರ್ಡ್ ತಪ್ಪು ಎಂಬ ಸಾಲುಗಳು ಸಾಲುಸಾಲಾಗಿ. ಯಾರೋ ಹೊರಗಿನಿಂದ ಬಾಗಿಲು ತಟ್ಟುತ್ತಿದ್ದರು! ನಾನು ಕಂಪೋಸ್ ಫೈಲ್‌ನಲ್ಲಿ ಪೋಸ್ಟ್‌ಗ್ರೆಸ್‌ನ 5432 ಪೋರ್ಟನ್ನು ಹೊರಗೆ ಬಿಟ್ಟಿದ್ದೆ. ಡಾಕರ್ ತನ್ನ ಐಪಿಟೇಬಲ್ಸ್ (ಲಿನಕ್ಸ್‌ನ ಒಳಗಿನ ಫೈರ್‌ವಾಲ್) ನಿಯಮಗಳನ್ನು ತಾನೇ ಬರೆಯುತ್ತದೆ. ಕಂಟೇನರ್‌ಗೆ ಬರುವ ಸಂಚಾರ ಇನ್‌ಪುಟ್ ದಾರಿಗೆ ಬರುವ ಮೊದಲೇ ಬೇರೆ ಕಡೆ ತಿರುಗಿಬಿಡುತ್ತದೆ. ಯುಎಫ್‌ಡಬ್ಲ್ಯೂ ಕಾವಲು ಕೂತಿರುವುದು ಇನ್‌ಪುಟ್ ದಾರಿಯಲ್ಲಿ. ಮುಂಬಾಗಿಲಲ್ಲಿ ವಾಚ್‌ಮನ್ ಇದ್ದಾನೆ, ಜನ ಅಡುಗೆಮನೆ ಬಾಗಿಲಿಂದ ಓಡಾಡುತ್ತಿದ್ದಾರೆ, ಅಷ್ಟೇ. ಡಾಕರ್‌ನ ಕೈಪಿಡಿಯಲ್ಲಿ ಇದನ್ನು ಬರೆದೇ ಇದ್ದಾರೆ, ಓದದ್ದು ನನ್ನ ತಪ್ಪು. ಪೋರ್ಟ್ ಸಾಲನ್ನೇ ಅಳಿಸಿದೆ. ಒಂದೇ ಕಂಪೋಸ್ ಫೈಲ್‌ನ ಕಂಟೇನರ್‌ಗಳು ಹೆಸರು ಹಿಡಿದೇ ಪರಸ್ಪರ ಮಾತಾಡುತ್ತವೆ, ಡೇಟಾಬೇಸ್ ಪೋರ್ಟ್ ಹೊರಗೆ ಬಿಡುವ ಅಗತ್ಯವೇ ಇಲ್ಲ. ಬೇಕೇ ಬೇಕಾದರೆ ಪೋರ್ಟ್ ಸಂಖ್ಯೆಗೆ ಮೊದಲು 127.0.0.1 ಸೇರಿಸಿ, ಆಗ ಅದು ಸರ್ವರ್‌ನ ಒಳಗಿನಿಂದ ಮಾತ್ರ ಸಿಗುತ್ತದೆ. ಕ್ಲೌಡ್ ಕಂಪನಿಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪ್ರತ್ಯೇಕ ಫೈರ್‌ವಾಲ್ ಇದ್ದರೆ ಅದನ್ನೂ ಹಾಕಿ.

ಆಮೇಲಿನ ಕಥೆ ಒಂದು ಭಾನುವಾರದ ಬೆಳಿಗ್ಗೆಯದು. ಇಡ್ಲಿ ವಡೆಗೆ ಸಾಲು ನಿಂತ ಹೊತ್ತು. "ಬಿಲ್ಲೇ ಬರ್ತಾ ಇಲ್ಲ ಮಾರಾಯ" ಎಂದು ಮಾವನ ಫೋನ್. ನಾನು ಲೋಕಲ್‌ನಲ್ಲಿದ್ದೆ. ಠಾಣೆಯಲ್ಲಿ ಇಳಿದು, ಪ್ಲಾಟ್‌ಫಾರ್ಮ್ ಬೆಂಚಿನಲ್ಲಿ ಕೂತು ಮೊಬೈಲ್‌ನಿಂದಲೇ ಸರ್ವರ್ ಒಳಗೆ ಹೋದೆ. ಡಿಸ್ಕ್ ನೂರಕ್ಕೆ ನೂರು ತುಂಬಿತ್ತು. ಡಾಕರ್‌ನದೇ ಡಿಸ್ಕ್ ಲೆಕ್ಕದ ಕಮಾಂಡ್ ಕೇಳಿದರೆ ಎಲ್ಲ ಸರಿ ಇದೆ ಎಂದಿತು. ಅದು ಇಮೇಜ್ (ಕಂಟೇನರ್‌ನ ಅಚ್ಚು), ಕಂಟೇನರ್, ವಾಲ್ಯೂಮ್ (ಡೇಟಾ ಉಳಿಸುವ ಜಾಗ) ಎಣಿಸುತ್ತದೆ, ಲಾಗ್ ಫೈಲ್ ಎಣಿಸುವುದಿಲ್ಲ. ಫೋಲ್ಡರ್ ಫೋಲ್ಡರ್ ಹುಡುಕಿದಾಗ ಒಂದೇ ಲಾಗ್ ಫೈಲ್ 14 ಜಿಬಿ! ಅದನ್ನು ಸೊನ್ನೆಗೆ ಇಳಿಸಿದ ಮೇಲೆ ಬಿಲ್ಲು ಹರಿಯಿತು. ಸಾಮಾನ್ಯವಾಗಿ ಬರುವ ಜೇಸನ್ ಫೈಲ್ ಲಾಗಿಂಗ್‌ಗೆ ಮಿತಿಯೇ ಇರುವುದಿಲ್ಲ, ನಾವೇ ಹಾಕಬೇಕು. ಡೀಮನ್‌ನ, ಅಂದರೆ ಹಿನ್ನೆಲೆಯಲ್ಲಿ ಓಡುವ ಡಾಕರ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಗರಿಷ್ಠ ಗಾತ್ರ 10 ಎಂಬಿ, ಫೈಲ್ ಮೂರು ಎಂದು ಬರೆದೆ. ಅಲ್ಲೂ ಒಂದು ಮೋಸ ಇದೆ. ಆ ಮಿತಿ ಹೊಸದಾಗಿ ಹುಟ್ಟುವ ಕಂಟೇನರ್‌ಗೆ ಮಾತ್ರ. ಹಳೆಯದನ್ನು ತೆಗೆದು ಮತ್ತೆ ಕಟ್ಟದಿದ್ದರೆ ಅದು ಮೊದಲಿನಂತೆಯೇ ಊದುತ್ತಿರುತ್ತದೆ. ನನಗಿದು ಗೊತ್ತಾದದ್ದು ಎರಡನೇ ಸಲ ಡಿಸ್ಕ್ ತುಂಬಿದಾಗ.

1 ಜಿಬಿ ರ್‍ಯಾಮ್‌ನಲ್ಲಿ ಇಮೇಜ್ ಕಟ್ಟಲು ಹೋಗಬೇಡಿ, ರ್‍ಯಾಮ್ ಸಾಲದೆ ಅರ್ಧಕ್ಕೇ 137 ಎಂಬ ದೋಷ ಸಂಖ್ಯೆ ಬಿಟ್ಟು ಸಾಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಕಟ್ಟಿ ಕಳಿಸಿ. ಎಂ ಚಿಪ್‌ನ ಮ್ಯಾಕ್ ಇದ್ದರೆ ಸರ್ವರ್‌ನ ಚಿಪ್ ಬಗೆಯಾದ ಎಎಂಡಿ64ಕ್ಕೆ ಕಟ್ಟು ಎಂದು ಹೇಳಲು ಮರೆಯಬೇಡಿ. ಇಮೇಜ್ ಹೆಸರಿನ ಕೊನೆಗೆ ಆವೃತ್ತಿ ಸಂಖ್ಯೆಯ ಬದಲು ಲೇಟೆಸ್ಟ್ ಎಂದು ಬಿಡುವ ಚಾಳಿಯೂ ಬೇಡ. ಪೋಸ್ಟ್‌ಗ್ರೆಸ್ 14ರ ಡೇಟಾ ಇಟ್ಟುಕೊಂಡು ನಾನು ಹಾಗೇ ಅಪ್‌ಡೇಟ್ ಒತ್ತಿದೆ, 15 ಬಂದು ಕೂತಿತು, ಹಳೆಯ ಫೈಲ್ ಓದಲಾರೆ ಎಂದಿತು.

ಇಷ್ಟೆಲ್ಲ ಆದರೂ ಬಿಡಲಿಲ್ಲ ಏಕೆ? ಕಳೆದ ವರ್ಷ ಕ್ಲೌಡ್ ಕಂಪನಿ ಬಾಡಿಗೆ ಏರಿಸಿತು. ದೂರು ಕೊಟ್ಟರೆ ಉತ್ತರಕ್ಕೆ ಒಂಬತ್ತು ಗಂಟೆ. ಬೇಸತ್ತು ಬೇರೆ ಕಡೆ ಸರ್ವರ್ ಹಿಡಿದೆ. ಒಂದು ಕಂಪೋಸ್ ಫೈಲ್, ಒಂದು ಡೇಟಾಬೇಸ್ ಡಂಪ್ (ಪೂರ್ತಿ ನಕಲು), ಪಾಸ್‌ವರ್ಡ್ ಇರುವ ಒಂದು ಫೈಲ್. ನಲವತ್ತು ನಿಮಿಷಕ್ಕೆ ಮನೆ ಬದಲಾಯಿತು. ಮುಂಬೈಯಲ್ಲಿ ಬಾಡಿಗೆ ಮನೆ ಬದಲಿಸಿದವರಿಗೆ ಇದರ ಬೆಲೆ ಗೊತ್ತು. ಎಂಜಿನ್ ಉಚಿತ, ಓಪನ್ ಸೋರ್ಸ್. ದೊಡ್ಡ ಕಂಪನಿಗಳು ದುಡ್ಡು ಕೊಡಬೇಕಾದದ್ದು ಲ್ಯಾಪ್‌ಟಾಪ್‌ನ ಡಾಕರ್ ಡೆಸ್ಕ್‌ಟಾಪ್‌ಗೆ. ಬರೀ ಒಂದು ಪುಟದ ವೆಬ್‌ಸೈಟ್ ಇಡುವವರು ಈ ಉಸಾಬರಿಗೆ ಬರಬೇಡಿ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಒಂದನ್ನು ಕಡಿದದ್ದು ಅಪ್‌ಡೇಟ್‌ಗಾಗಿ. ಎಂಜಿನ್ ಹೊಸದು ಹಾಕಿದರೆ ಎಲ್ಲ ಕಂಟೇನರ್ ಒಮ್ಮೆ ನಿಂತು ಏಳುತ್ತದೆ. ಲೈವ್ ರೀಸ್ಟೋರ್ ಎಂಬ ಸೆಟ್ಟಿಂಗ್ ಹಾಕಿದರೆ ಸಣ್ಣಪುಟ್ಟ ಅಪ್‌ಡೇಟ್‌ಗೆ ನಿಲ್ಲುವುದಿಲ್ಲ, ಆದರೆ ಅದನ್ನು ನಾವೇ ಹುಡುಕಿ ಹಾಕಬೇಕು. ಗೊತ್ತಿಲ್ಲದೆ ಒಮ್ಮೆ ಮಧ್ಯಾಹ್ನ ಒಂದು ಗಂಟೆಗೆ, ಊಟದ ಗಿರಾಕಿ ತುಂಬಿದಾಗ ಅಪ್‌ಡೇಟ್ ಒತ್ತಿದ್ದೆ. ಈಗ ಆ ಸೆಟ್ಟಿಂಗ್ ಹಾಕಿದ್ದೇನೆ. ಆದರೂ ಮಾವ ರಾತ್ರಿ ಶಟರ್ ಎಳೆದು ಮೆಸೇಜ್ ಕಳಿಸುವ ತನಕ ಸರ್ವರ್‌ಗೆ ಕೈ ಹಾಕುವುದಿಲ್ಲ.