ಮನೆಯವರನ್ನೇ ಶತ್ರು ಮಾಡಿದ ಪ್ರವಾದನೆ: ನಾನು ಮೋಸಹೋದ ಬಗೆ

ಇದನ್ನು ಬರೆಯಲು ಒಂದು ವರ್ಷ ಹಿಂದೆಮುಂದೆ ನೋಡಿದೆ. ದೇವರ ಕೆಲಸಕ್ಕೆ ಕೆಟ್ಟ ಹೆಸರು ಬರುತ್ತದೇನೋ ಅನ್ನುವ ಭಯವಿತ್ತು. ಆದರೆ ಹೋದ ತಿಂಗಳು ಒಬ್ಬ ಸಹೋದರಿ ಅಳುತ್ತಾ ಹೇಳಿಕೊಂಡದ್ದು ಹೆಚ್ಚುಕಡಿಮೆ ನನ್ನದೇ ಕತೆ. ಇನ್ನು ಸುಮ್ಮನಿದ್ದರೆ ತಪ್ಪಾಗುತ್ತದೆ.

ಅಮ್ಮ ತೀರಿಕೊಂಡ ಮೇಲೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ರಾತ್ರಿಯೆಲ್ಲ ಎದೆ ಡವಡವ, ಕಾರಣವಿಲ್ಲದ ಹೆದರಿಕೆ. ಪರಿಚಯದವರೊಬ್ಬರು ಬಿಡುಗಡೆ ಪ್ರಾರ್ಥನೆಯ (ದುರಾತ್ಮ ಬಿಡಿಸುವ ಪ್ರಾರ್ಥನೆ) ಕೂಟಕ್ಕೆ ಕರೆದುಕೊಂಡು ಹೋದರು. ಅದನ್ನು ನಡೆಸುವವರು ನನ್ನನ್ನು ಮೊದಲು ನೋಡಿದವರೇ ಅಲ್ಲ. ತಲೆಯ ಮೇಲೆ ಕೈಯಿಟ್ಟು, "ಮಗಳೇ, ನಿನ್ನ ಮನೆಯಲ್ಲಿ ಒಂದು ಸಾವಾಗಿದೆ. ನೀನು ರಾತ್ರಿ ಮಲಗುತ್ತಿಲ್ಲ" ಅಂದರು. ನಾನು ಅಲ್ಲೇ ಕುಸಿದು ಅತ್ತೆ. ಕರೆದುಕೊಂಡು ಹೋದವರೇ ಹಿಂದಿನ ದಿನ ಎಲ್ಲವನ್ನೂ ಫೋನಿನಲ್ಲಿ ಹೇಳಿದ್ದರು ಅಂತ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ.

ಮೂರನೇ ವಾರ ದೇವರ ಮಾತೆಂದು ಅವರು ಹೇಳಿದ ಪ್ರವಾದನೆ ಹೀಗಿತ್ತು: "ನಿನ್ನ ಒಡಹುಟ್ಟಿದವಳ ಮೂಲಕ ದುರಾತ್ಮ ನಿಮ್ಮ ಮನೆಗೆ ಬರುತ್ತಿದೆ. ಅವಳ ಜೊತೆ ಮಾತು ಬಿಡು. ಇಲ್ಲದಿದ್ದರೆ ಮಕ್ಕಳಿಗೆ ತಗಲುತ್ತದೆ." ನನಗಿರುವುದು ಒಬ್ಬಳೇ ಅಕ್ಕ. ಅಮ್ಮ ಹಾಸಿಗೆ ಹಿಡಿದಾಗ ರಾತ್ರಿಹಗಲು ನೋಡಿಕೊಂಡವಳು ಅವಳೇ. ಅವಳ ಫೋನ್ ಎತ್ತುವುದನ್ನು ನಿಲ್ಲಿಸಿದೆ. ಬಾಗಿಲಿಗೆ ಬಂದಾಗ ಒಳಗೆ ಕರೆಯಲಿಲ್ಲ. ಹೀಗೆ 14 ತಿಂಗಳು.

ಡಾಕ್ಟರ್ ಕೊಟ್ಟ ಮಾತ್ರೆಯನ್ನೂ ಬಿಡಿಸಿದರು. ಅದು ಅಪನಂಬಿಕೆಯಂತೆ. (ಬೈಬಲಿನಲ್ಲಿ ಅಪೊಸ್ತಲ ಪೌಲನ ಜೊತೆಗಿದ್ದ ಲೂಕನೇ ವೈದ್ಯನಾಗಿದ್ದ, ಅಲ್ವಾ?) ಒಂದೆರಡು ರಾತ್ರಿ ನಿದ್ದೆ ಬಂದರೆ ಅದು ಅವರ ಪ್ರಾರ್ಥನೆಯಿಂದ. ಬಾರದಿದ್ದರೆ ಶತ್ರು ಎದುರು ನಿಂತಿದ್ದಾನೆ, ಉಪವಾಸ ಜಾಸ್ತಿ ಮಾಡು. ಏನೇ ಆದರೂ ಅವರ ಮಾತು ಸುಳ್ಳಾಗುವ ದಾರಿಯೇ ಇರಲಿಲ್ಲ. ಇದನ್ನು ಗಮನಿಸಿ. ಎಂದೂ ತಪ್ಪಾಗದ ಮಾತನ್ನು ಪರೀಕ್ಷಿಸುವುದಾದರೂ ಹೇಗೆ?

ಕೊನೆಗೆ ನಮ್ಮ ಸಭೆಯ ಹಿರಿಯ ಪಾಸ್ಟರ್ ಹತ್ತಿರ ಹೋದೆ. ಅವರು ಬೈಯಲಿಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯ 6:12 ತೆಗೆದು ಗಟ್ಟಿಯಾಗಿ ಓದು ಅಂದರು. ನಮ್ಮ ಹೋರಾಟ ಮನುಷ್ಯರ ಜೊತೆ ಅಲ್ಲ, ದುರಾತ್ಮಗಳ ಸೇನೆಯ ಜೊತೆ ಅನ್ನುವ ವಚನ. ಓದಿ ಮುಗಿಸಿದೆ. "ನಿನ್ನ ಅಕ್ಕ ಮನುಷ್ಯಳಲ್ಲವೇನಮ್ಮಾ?" ಅಂತ ಕೇಳಿದರು. ನನಗೆ ಬಾಯಿ ಬರಲಿಲ್ಲ. ಆ ವಚನವನ್ನು ಬಾಯಿಪಾಠ ಮಾಡಿದ್ದೆ, ಕೂಟದಲ್ಲಿ ಕೂಗಿ ಹೇಳಿದ್ದೆ. ಅದೇ ಬಾಯಲ್ಲಿ ಅಕ್ಕನ ಹೆಸರು ಹಿಡಿದು ಗದರಿಸಿ ಪ್ರಾರ್ಥಿಸಿದ್ದೆ.

ಸೈತಾನನಿಲ್ಲ ಅಂತ ನಾನು ಹೇಳುತ್ತಿಲ್ಲ. ಆತ್ಮಿಕ ಹೋರಾಟ ನಿಜ. ಅದಕ್ಕೇ ಹೇಳುತ್ತಿದ್ದೇನೆ, ಆ ಹೋರಾಟವನ್ನು ನಿಮ್ಮ ಮನೆಯ ಒಬ್ಬ ವ್ಯಕ್ತಿಯ ಕಡೆ ತಿರುಗಿಸುವವರಿಂದ ದೂರವಿರಿ.

"ಆದರೆ ಅವರು ಹೇಳಿದ್ದು ಸರಿಯಾಗಿತ್ತಲ್ಲ" ಅಂತ ನಾನೂ ಎಷ್ಟೋ ದಿನ ವಾದ ಮಾಡಿದೆ. ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ಓದಿ. ಫಿಲಿಪ್ಪಿಯಲ್ಲಿ ಕಣಿಹೇಳುವ ಒಬ್ಬ ಹುಡುಗಿ ಪೌಲನ ಹಿಂದೆ ಬಂದು, ಇವರು ಪರಾತ್ಪರನಾದ ದೇವರ ದಾಸರು ಅಂತ ಕೂಗುತ್ತಾಳೆ. ಹೇಳಿದ ಒಂದೊಂದು ಮಾತೂ ಸತ್ಯ. ಆದರೂ ಅವಳಲ್ಲಿದ್ದ ಆತ್ಮವನ್ನು ಪೌಲ ಯೇಸುವಿನ ಹೆಸರಲ್ಲಿ ಹೊರಡಿಸಿದ. ಧರ್ಮೋಪದೇಶಕಾಂಡ 13 ಇನ್ನೂ ಬಿಡಿಸಿ ಹೇಳುತ್ತದೆ: ಪ್ರವಾದಿ ಹೇಳಿದ ಗುರುತು ನೆರವೇರಿದರೂ, ಅವನು ನಿಮ್ಮನ್ನು ಬೇರೆ ದೇವರ ಕಡೆ ಎಳೆದರೆ ಅವನ ಮಾತು ಕೇಳಬೇಡಿ. ಅಂದರೆ ಮಾತು ನಿಜವಾಯಿತೇ ಅನ್ನುವುದೊಂದೇ ಸಾಲದು. ಅದು ನನ್ನನ್ನು ಎಲ್ಲಿಗೆ ಕರೆದೊಯ್ಯುತ್ತಿದೆ ಅಂತಲೂ ಕೇಳಬೇಕು. ನನ್ನನ್ನು ಅದು ಕ್ರಿಸ್ತನ ಕಡೆಗೆ ಒಯ್ಯಲಿಲ್ಲ. ಕೂಟ ನಡೆಸುವ ಆ ಒಬ್ಬ ಮನುಷ್ಯನ ಹತ್ತಿರಕ್ಕೆ ಮತ್ತೆ ಮತ್ತೆ ಒಯ್ಯಿತು.

1 ಅರಸುಗಳು 13 ನನ್ನನ್ನು ಈಗಲೂ ನಡುಗಿಸುತ್ತದೆ. ಯೆಹೂದದಿಂದ ಬಂದ ದೇವರ ಮನುಷ್ಯನಿಗೆ ಸ್ಪಷ್ಟ ಅಪ್ಪಣೆಯಿತ್ತು: ಬೇತೇಲ್ ಊರಲ್ಲಿ ಊಟ ಮಾಡಬೇಡ, ನೀರು ಕುಡಿಯಬೇಡ. ಅರಸ ಕರೆದಾಗ ಒಪ್ಪಲಿಲ್ಲ. ಆಮೇಲೆ ಒಬ್ಬ ಮುದಿ ಪ್ರವಾದಿ ಬಂದು, ದೇವದೂತನೇ ನನಗೆ ಹೇಳಿದ್ದಾನೆ ಬಾ ಅಂತ ಸುಳ್ಳು ಹೇಳಿದ. ಅವನು ನಂಬಿ ಹೋಗಿ ಊಟ ಮಾಡಿದ. ಹಿಂದಿರುಗುವ ದಾರಿಯಲ್ಲಿ ಸಿಂಹ ಕೊಂದಿತು. ಅರಸನ ಕರೆಗೆ ಬಗ್ಗದವನು 'ದೇವದೂತ ಹೇಳಿದ' ಅನ್ನುವ ಮಾತಿಗೆ ಬಗ್ಗಿದ. ನನ್ನ ಹತ್ತಿರವೂ ಸ್ಪಷ್ಟ ವಾಕ್ಯವಿತ್ತು, ನಿನ್ನವರನ್ನು ಪ್ರೀತಿಸು ಅಂತ.

ಪ್ರಶ್ನೆ ಕೇಳಿದಾಗಲೆಲ್ಲ ಅವರು "ಅಭಿಷಿಕ್ತರನ್ನು ಮುಟ್ಟಬಾರದು" ಅನ್ನುತ್ತಿದ್ದರು, ಅಂದರೆ ದೇವರು ಆರಿಸಿಕೊಂಡವರನ್ನು. ಕೀರ್ತನೆ 105ರಲ್ಲಿ ಆ ಮಾತು ಇರುವುದು ಅಬ್ರಹಾಮ, ಇಸಾಕ, ಯಾಕೋಬರ ಬಗ್ಗೆ. ಅಲೆಯುತ್ತಿದ್ದ ಅವರಿಗೆ ಕೇಡು ಮಾಡಬೇಡಿ ಅಂತ ದೇವರು ಅರಸರನ್ನು ಗದರಿಸಿದ್ದು ಅದು. ಪ್ರಶ್ನೆ ಕೇಳುವ ವಿಶ್ವಾಸಿಯ ಬಾಯಿ ಮುಚ್ಚಿಸಲು ಅಲ್ಲ. ಪೌಲ ಹೇಳಿದ್ದನ್ನೇ ಬೆರೋಯ ಎಂಬ ಊರಿನವರು ದಿನಾಲೂ ಶಾಸ್ತ್ರ ತೆಗೆದು ನೋಡಿದರು, ಅದಕ್ಕೆ ಹೊಗಳಿಕೆಯೂ ಸಿಕ್ಕಿತು. ಯಾರಾದರೂ ನಿಮಗೊಂದು ಪ್ರವಾದನೆ ಹೇಳಿದರೆ ಬರೆದಿಟ್ಟುಕೊಳ್ಳಿ. ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರು ಮೂವರು ವಿಶ್ವಾಸಿಗಳಿಗೆ ತೋರಿಸಿ. ಯಾರಿಗೂ ಹೇಳಬೇಡ ಅಂದರೆ ಅಲ್ಲಿಂದ ಎದ್ದು ಬನ್ನಿ. ಮಾತ್ರೆ ಬಿಡು ಅಂದರೂ ಅಷ್ಟೇ.

ಪಾಸ್ಟರ್ ಮನೆಯಿಂದ ಬಂದ ದಿನವೇ ಅಕ್ಕನಿಗೆ ಫೋನ್ ಮಾಡಿದೆ. ಏನು ಹೇಳಬೇಕು ಅಂತ ತೋಚದೆ ಸುಮ್ನೆ ನಿಂತಿದ್ದೆ. "ಈಗಲಾದರೂ ನಿದ್ದೆ ಬರ್ತಿದೆಯೇನೇ?" ಅಂತ ಅವಳೇ ಕೇಳಿದಳು. ಈಗ ಮಾತಾಡುತ್ತೇವೆ. ಆದರೆ ನಾನು ಪ್ರಾರ್ಥನೆ ಮಾಡೋಣ ಅಂದರೆ ಅವಳು ಇನ್ನೂ ಎದ್ದು ಆಚೆ ಹೋಗುತ್ತಾಳೆ.