ಮಳೆಗಾಲದಲ್ಲಿ ಬೆಣ್ಣೆಹಳ್ಳ ದಾಟಿ ಸಿನಿಮಾಕ್ಕೆ ಹೊರಟವರು ಇದನ್ನು ಓದಿ

ನವಲಗುಂದ, ಅಣ್ಣಿಗೇರಿ, ರೋಣ ಕಡೆ ಊರಿದ್ದು ಹುಬ್ಬಳ್ಳಿಗೆ ಹೋಗಿಬಂದು ಮಾಡುವವರು ಬಹಳ ಜನ ಇದ್ದೀರಿ. ನಿಮ್ಮೂರಲ್ಲಿ ಮಳೆ ನಿಂತಿದೆ ಅಂತ ಹಳ್ಳವನ್ನು ನಂಬಬೇಡಿ. ಬೆಣ್ಣೆಹಳ್ಳ ಬರುವುದು ಶಿಗ್ಗಾಂವಿ, ಕುಂದಗೋಳ ಕಡೆಯಿಂದ. ಅಲ್ಲಿ ಮಧ್ಯಾಹ್ನ ಮಳೆ ಹೊಡೆದರೆ ರಾತ್ರಿ ನಮ್ಮ ಕಡೆ ಸೇತುವೆ ಮುಳುಗುತ್ತದೆ. ಆಗ ನಮ್ಮ ತಲೆ ಮೇಲೆ ಚುಕ್ಕಿ ಕಾಣುತ್ತಿದ್ದರೂ ಆಶ್ಚರ್ಯವಿಲ್ಲ.

ಹೆಸರುಕಾಳಿನ ರಾಶಿಗೆ ಅಂತ ಮನೆಮಂದಿಯೆಲ್ಲ ಊರಿಗೆ ಹೋಗಿದ್ದೆವು. ಅರ್ಧ ಹೊಲ ಕಿತ್ತು ಒಣಗಲು ಹಾಕಿದ್ದರು, ಇನ್ನರ್ಧ ಹಾಗೇ ನಿಂತಿತ್ತು. ಗುರುವಾರ ರಾತ್ರಿ ಹಿಡಿದ ಮಳೆ ಶನಿವಾರ ಬೆಳಿಗ್ಗೆವರೆಗೂ ಬಿಡಲಿಲ್ಲ. ನಮ್ಮದು ಕಪ್ಪು ಮಣ್ಣಿನ ಎರೆ ಹೊಲ, ಒಮ್ಮೆ ನೆನೆದು ತುಂಬಿತು ಅಂದರೆ ಮೇಲಿನ ನೀರು ಕೆಳಗೆ ಇಳಿಯುವುದೇ ಇಲ್ಲ, ಬದುವಿನ ಗುಂಟ ನಿಂತುಬಿಡುತ್ತದೆ. ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿಗೆ ಗೇಣಗಲ ಮಣ್ಣು ಮೆತ್ತಿಕೊಂಡು ಕಾಲು ಎತ್ತಲಾಗುವುದಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದೇ ಹೋದೆವು. ಒಂದು ಕಾಯಿ ಬಿಡಿಸಿ ನೋಡಿದೆ. ಕಾಳು ಉಬ್ಬಿ, ಸಿಪ್ಪೆ ಒಡೆದು, ಬಿಳಿ ಮೊಳಕೆ ಹೊರಗೆ ಬಂದಿತ್ತು. ಪಕ್ಕದ ಕಾಯಿಯೂ ಹಾಗೇ. ಕಾಕಾ ಏನೂ ಮಾತಾಡಲಿಲ್ಲ, ಸುಮ್ನೆ ಬದುವಿನ ಮೇಲೆ ಕೂತುಬಿಟ್ಟರು. ಬೆಳೆದವರಿಗೆ ಆ ನೋವು ಏನಂತ ಗೊತ್ತು.

ಮಧ್ಯಾಹ್ನ ಮಳೆ ಪೂರ್ತಿ ನಿಂತಿತು. ಹೊಲಕ್ಕೆ ಕಾಲಿಡುವ ಹಾಗಿಲ್ಲ, ಕರೆಂಟ್ ಇಲ್ಲ, ಮಕ್ಕಳಿಗೆ ಬೇಸರ. ಸರಿ, ಹುಬ್ಬಳ್ಳಿಗೆ ಹೋಗಿ ಒಂದು ಸಿನಿಮಾ ನೋಡಿಬರೋಣ ಅಂತ ಸಂಜೆ ಶೋಗೆ ಮೊಬೈಲಲ್ಲೇ ಟಿಕೆಟ್ ತೆಗೆದೆವು. ಹೋಗುವಾಗ ಹಳ್ಳದಲ್ಲಿ ಮೊಣಕಾಲು ನೀರೂ ಇರಲಿಲ್ಲ.

ಸಿನಿಮಾ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಟ್ರೇಲರ್‌ನಲ್ಲಿ ಹಳ್ಳಿ, ಜಾತ್ರೆ, ನಗು ತೋರಿಸಿದ್ದರು. ಒಳಗೆ ಕೂತರೆ ಕೊಚ್ಚೋದು, ಕಿರುಚೋದು, ಅಷ್ಟೇ. ನನ್ನ ತಂಗಿಯ ಮಗಳು ಎರಡನೇ ಕ್ಲಾಸು, ಇಂಟರ್ವಲ್ ಆಗುವಷ್ಟರಲ್ಲಿ ಅತ್ತು ಅತ್ತು ಅವ್ವನ ಮಡಿಲಲ್ಲಿ ಮುಖ ಮುಚ್ಚಿಕೊಂಡಿದ್ದಳು. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಇದು ಗೊತ್ತಿರಲಿ: 2024ರ ಕೊನೆಯಿಂದ ಯುಎ ಸರ್ಟಿಫಿಕೇಟ್‌ನಲ್ಲೇ 7+, 13+, 16+ ಅಂತ ಮೂರು ಬಗೆ ಇವೆ. ಎ ಇದ್ದರೆ ಗೇಟಿನಲ್ಲೇ ಮಕ್ಕಳನ್ನು ತಡೆಯಬೇಕು. ಯುಎ 16+ ಇದ್ದರೆ ನಿರ್ಧಾರ ತಂದೆತಾಯಿಗೆ ಬಿಟ್ಟಿದ್ದು, ಯಾರೂ ತಡೆಯುವುದಿಲ್ಲ. ಟಿಕೆಟ್ ತೆಗೆಯುವ ಜಾಗದಲ್ಲಿ ಅದು ಸಣ್ಣ ಅಕ್ಷರದಲ್ಲಿರುತ್ತದೆ, ಹುಡುಕಿ ಓದಿ.

ನನಗೆ ಸಿಟ್ಟು ಬಂದಿದ್ದು ಥಿಯೇಟರಿನವರ ಮೇಲೆ. ನಾವು ಒಳಗಿದ್ದಾಗ ಹುಬ್ಬಳ್ಳಿಯಲ್ಲೂ ಜೋರು ಮಳೆ ಆಗಿ ಬೇಸ್‌ಮೆಂಟ್ ಪಾರ್ಕಿಂಗ್‌ಗೆ ನೀರು ನುಗ್ಗಿದೆ. ಕೆಳಗೆ ಇಷ್ಟು ಗಾಡಿ ನಿಂತಿವೆ, ಒಳಗೆ ಬಂದು ಒಂದು ಮಾತು ಹೇಳಬೇಕಲ್ವಾ? ಹೇಳಲಿಲ್ಲ. ಶೋ ಬಿಟ್ಟ ಮೇಲೆ ಇಳಿದು ನೋಡಿದರೆ ನಮ್ಮ ಕಾರಿನ ಸೈಲೆನ್ಸರ್ ನೀರಲ್ಲಿ ಮುಳುಗಿತ್ತು. ಪಕ್ಕದವರು ಗಾಬರಿಯಲ್ಲಿ ಕೀ ತಿರುಗಿಸಿದರು, ಎಂಜಿನ್ ಕಟಕಟ ಅಂದು ನಿಂತೇ ಹೋಯಿತು. ನೀರು ಒಳಗೆ ಹೋದಾಗ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಖರ್ಚು ಸಾವಿರಗಟ್ಟಲೆಗೆ ನಿಲ್ಲುವುದಿಲ್ಲ. ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ದುಡ್ಡು ಕಟ್ಟಿರದಿದ್ದರೆ ಸಾಮಾನ್ಯವಾಗಿ ಇನ್ಶೂರೆನ್ಸ್ ಕಂಪನಿಯವರು ಅದನ್ನು ಕೊಡುವುದೂ ಇಲ್ಲ. ನಾವು ಕೀ ಮುಟ್ಟದೆ ನಾಲ್ಕೈದು ಜನ ಸೇರಿ ರ‍್ಯಾಂಪ್ ಮೇಲೆ ತಳ್ಳಿದೆವು. ಮಳೆಗಾಲದಲ್ಲಿ ಬೇಸ್‌ಮೆಂಟ್‌ನಲ್ಲಿ ಗಾಡಿ ನಿಲ್ಲಿಸಲೇಬೇಡಿ, ನಾಲ್ಕು ಹೆಜ್ಜೆ ಜಾಸ್ತಿ ನಡೆದರೂ ಪರವಾಗಿಲ್ಲ.

ಅಷ್ಟರಲ್ಲಿ ಕಾಕಾನ ಫೋನ್. "ತಮ್ಮಾ, ಅಲ್ಲಿಂದ ಹೊರಡಬ್ಯಾಡ. ಹಳ್ಳ ಬಂದೈತಿ, ಬ್ರಿಜ್ ಕಾಣವಲ್ದು." ಊರಲ್ಲಿ ಮಧ್ಯಾಹ್ನದ ನಂತರ ಒಂದು ಹನಿ ಬಿದ್ದಿರಲಿಲ್ಲ. ಆದರೂ ಹಳ್ಳ ದಂಡೆ ಮೀರಿ ಹೊಲಗಳಿಗೆ ಹೊಕ್ಕಿತ್ತು. ಮಲಪ್ರಭೆಗಾದರೆ ನವಿಲುತೀರ್ಥದಲ್ಲಿ ಅಣೆಕಟ್ಟು ಇದೆ, ನೀರು ಬಿಡುವ ಮೊದಲು ಹೊಳೆದಂಡೆಯ ಊರುಗಳಿಗೆ ತಿಳಿಸುತ್ತಾರೆ. ಬೆಣ್ಣೆಹಳ್ಳಕ್ಕೆ ಅಂಥ ಅಣೆಕಟ್ಟು ಇಲ್ಲ, ಸುದ್ದಿ ಕೊಡುವವರೂ ಇಲ್ಲ. ಹಳ್ಳದ ತುಂಬ ಜಾಲಿಕಂಟಿ ಬೆಳೆದು ಹೂಳು ತುಂಬಿದೆ, ನೀರು ಹೋಗಲು ದಾರಿ ಎಲ್ಲಿದೆ?

ಆ ರಾತ್ರಿ ವಿದ್ಯಾನಗರದ ಅತ್ತೆ ಮನೆಯಲ್ಲಿ ಉಳಿದೆವು. ಅದೇ ಹೊತ್ತಿಗೆ ಇಬ್ಬರು ಹುಡುಗರು ಬೈಕ್ ಮೇಲೆ ದಾಟಲು ಹೊರಟಿದ್ದರಂತೆ, ಊರವರು ಬೈದು ವಾಪಸ್ ಕಳಿಸಿದರು. ಹರಿಯುವ ನೀರು ಒಂದು ಅಡಿ ಇದ್ದರೆ ಸಣ್ಣ ಕಾರು ತೇಲಬಹುದು, ಎರಡು ಅಡಿ ಇದ್ದರೆ ದೊಡ್ಡ ಗಾಡಿಯನ್ನೂ ಎಳೆದುಕೊಂಡು ಹೋಗುತ್ತದೆ. ಕತ್ತಲಲ್ಲಿ ಕೆಂಪು ನೀರಿನ ಕೆಳಗೆ ರಸ್ತೆ ಉಳಿದಿದೆಯೋ ಕಿತ್ತು ಹೋಗಿದೆಯೋ ಯಾರಿಗೆ ಗೊತ್ತು? ದಯವಿಟ್ಟು ಈ ಧೈರ್ಯ ಮಾಡಬೇಡಿ. ಹೊರಡುವ ಮೊದಲು ಕುಂದಗೋಳ ಕಡೆಯ ಪರಿಚಯದವರಿಗೆ ಒಂದು ಫೋನ್ ಹಚ್ಚಿ, ಅಲ್ಲಿ ಮಳೆ ಹೇಗಿದೆ ಅಂತ ಕೇಳಿ.

ಒಣಗಲು ಹಾಕಿದ್ದ ಹೆಸರು ಹಳ್ಳದ ಪಾಲಾಯಿತು. ಬೆಳೆವಿಮೆ ಕಟ್ಟಿದವರು ಇಲ್ಲಿ ಸಮಯ ಕಳೆಯಬೇಡಿ. ನಿಂತ ಬೆಳೆ ನೀರಲ್ಲಿ ಮುಳುಗಿದರೆ 72 ಗಂಟೆಯ ಒಳಗೆ ತಿಳಿಸಬೇಕು, 14447ಕ್ಕೆ ಫೋನ್ ಮಾಡಬಹುದು. ನೀರು ಇಳಿಯುವ ಮೊದಲೇ ಫೋಟೋ ತೆಗೆಯಿರಿ. ಕಿತ್ತು ಹಾಕಿದ ಬೆಳೆಗೆ ನಿಯಮ ಬೇರೆ, ಕೊಯ್ಲಾದ 14 ದಿನದ ಒಳಗಿನ ಹಾನಿ ಮಾತ್ರ ಲೆಕ್ಕಕ್ಕೆ ಬರುತ್ತದೆ, ಅದಕ್ಕೂ ಷರತ್ತುಗಳಿವೆ. ಸರ್ಕಾರದ ಬೆಳೆ ಪರಿಹಾರ ಇದಲ್ಲ, ಅದಕ್ಕೆ 33 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಹಾನಿ ಆಗಿದೆ ಅಂತ ಸರ್ವೆಯಲ್ಲಿ ಬರೆಸಬೇಕು. ಸರ್ವೆಗೆ ಬಂದಾಗ ಹೊಲದಲ್ಲಿ ನೀವೇ ನಿಂತು ತೋರಿಸಿ.